ದ್ವೀಪದ ಚರ್ಚಿನ ಹದಿನಾಲ್ಕು ಶಿಲುಬೆಗಳು

ಚರ್ಚಿನ ಚರಿತ್ರೆ ಬರೆಯುವ ಕೆಲಸ ರಾಜಾಮಣಿ ಟೀಚರಿಗೆ ಗಂಟುಬಿದ್ದದ್ದು ಅವರೇನೋ ದೊಡ್ಡ ಪಂಡಿತೆ ಎಂದಲ್ಲ. ಹಿನ್ನೀರಿನ ನಡುವೆ ನಿಂತ ಆ ಚರ್ಚಿನ ಹಳೇ ಪುಸ್ತಕಗಳೆಲ್ಲ ಮಿಷನ್ ಕಾಲದ ಕನ್ನಡದಲ್ಲಿದ್ದವು. ಆರಾಧನೆ ತಮಿಳಿಗೆ ತಿರುಗಿ ಎರಡು ತಲೆಮಾರಾಗಿತ್ತು. ಸಭೆಯಲ್ಲಿ ಈಗ ಆ ಅಕ್ಷರ ಓದಬಲ್ಲವರು ಇವರೊಬ್ಬರೇ, ಅದೇ ಚರ್ಚಿನ ಉಪದೇಶಿಯಾಗಿದ್ದ ಅಪ್ಪ ಕಲಿಸಿದ್ದರಿಂದ.

ಅಣೆಕಟ್ಟು ಕಟ್ಟಿದಾಗ ಹಟ್ಟಿಯೆಲ್ಲ ಮುಳುಗಿ, ಗುಡ್ಡದ ನೆತ್ತಿಯ ಚರ್ಚು ದ್ವೀಪವಾಗಿ ಉಳಿಯಿತು. ಜನ ಕೆತ್ತಿ ಎಂಬ ಊರಿಗೆ ಬಂದು ನೆಲೆಸಿದರು. ಕೆಳಗಿನ ಸಮಾಧಿಗಳನ್ನು ಅಗೆದು, ನಮ್ಮವರನ್ನು ಮೇಲಕ್ಕೆ ತಂದು ಚರ್ಚಿನ ಹಿಂದೆ ಹೂಳಿದೆವು ಎಂಬುದು ಹಿರಿಯರು ಎದೆಯುಬ್ಬಿಸಿ ಹೇಳುತ್ತಿದ್ದ ಮಾತು. ಅಲ್ಲಿನ ಹದಿನಾಲ್ಕು ಶಿಲುಬೆಗಳಲ್ಲಿ ಒಂದು ರಾಜಾಮಣಿಯ ಅವ್ವೆಯದು. ನೀರು ಬಂದ ವರ್ಷವೇ ಇವರನ್ನು ಹೆತ್ತು ಮೂರನೇ ದಿನಕ್ಕೆ ಹೋದವಳು. ಒಂದು ಫೋಟೋ ಕೂಡ ಇಲ್ಲ. ಅರವತ್ತೆರಡು ವರ್ಷ ಅವರ ಪಾಲಿಗೆ ಅವ್ವೆ ಎಂದರೆ ಆ ಮೂರು ಮೊಳ ಮಣ್ಣು.

ವರ್ಷಕ್ಕೊಂದೇ ಆರಾಧನೆ ನಡೆಯುವ, ಮಾಡು ಸೋರುವ ಚರ್ಚು ಬಿಷಪ್ಪರ ಆಫೀಸಿಗೆ ಬೇಡವಾಗಿತ್ತು. ಅಣೆಕಟ್ಟಿನ ಇಲಾಖೆಗೆ ಬಿಟ್ಟುಕೊಟ್ಟರೆ ಮತ್ತೆ ದ್ವೀಪಕ್ಕೆ ಕಾಲಿಡುವ ಹಾಗಿಲ್ಲ.

"ಸಮಾಧಿ ಇರೋ ಜಾಗ ಅಂತ ಗಟ್ಟಿಯಾಗಿ ಬರೀರಿ ಟೀಚರ್. ಆಮೇಲೆ ಅದನ್ನ ಬಿಟ್ಟುಬಿಡೋಕೆ ಯಾರಿಗೆ ಮನಸ್ಸು ಬರುತ್ತೆ?" ಎಂದರು ಪಾದ್ರಿ ಸುಧಾಕರನ್.

ಬರೆಯಲು ಕೂತವರಿಗೆ ಮೂರನೇ ಪುಸ್ತಕದಲ್ಲಿ ಅಪ್ಪನ ಅಕ್ಷರ ಸಿಕ್ಕಿತು: "ನೀರು ಹೇಳಿದ ದಿನಕ್ಕಿಂತ ಮುಂಚೆ ಬಂತು. ಅಗೆಯಲು ಆಗಲಿಲ್ಲ. ಶಿಲುಬೆಗಳನ್ನು ಮಾತ್ರ ಕಿತ್ತು ತಂದು ಮೇಲೆ ನೆಟ್ಟೆವು. ಮಕ್ಕಳಿಗೆ ತಿಳಿಸತಕ್ಕದ್ದಲ್ಲ."

ರಾಜಾಮಣಿ ಆ ಸಾಲುಗಳನ್ನು ಮತ್ತೆ ಮತ್ತೆ ಓದಿದರು. ಆಮೇಲೆ ಅಪ್ಪನ ಮೇಲೆ ಮೈ ಉರಿಯಿತು. ಪ್ರತಿ ಕ್ರಿಸ್‌ಮಸ್ಸಿಗೂ ಕೈ ಹಿಡಿದು ಕರೆದೊಯ್ದು, ಅವ್ವೆಗೆ ಹೂವಿಡು ಎಂದವನು ಆ ಪುಣ್ಯಾತ್ಮನೇ! ರಾತ್ರಿ ಹಗಲು ಒದ್ದಾಡಿದರು. ನಿಜ ಬರೆದರೆ ಚರ್ಚು ಹೋಗುತ್ತದೆ, ಅವ್ವೆಯ ಹೆಸರಿರುವ ಆ ಶಿಲುಬೆಯೂ ಹೋಗುತ್ತದೆ. ಓದಬಲ್ಲವರು ಬೇರೆ ಯಾರಿದ್ದಾರೆ? ಕೊನೆಗೆ ಬರೆದರು: ಹದಿನಾಲ್ಕು ಮಂದಿಯ ಅಸ್ಥಿಗಳನ್ನು ಭಕ್ತಿಯಿಂದ ಮೇಲಕ್ಕೆ ತರಲಾಯಿತು.

ತಿಂಗಳೊಳಗೆ ಆಫೀಸಿನಿಂದ ಪತ್ರ ಬಂತು. ಚರಿತ್ರೆ ಓದಿ ಅವರ ಕಣ್ಣು ತುಂಬಿತಂತೆ. ಇಂಥ ಪೂರ್ವಿಕರನ್ನು ನೀರಿನ ನಡುವೆ ಅನಾಥರಾಗಿ ಬಿಡುವುದು ಸಲ್ಲದು. ಆದ್ದರಿಂದ ಅಸ್ಥಿಗಳನ್ನು ಮರ್ಯಾದೆಯಿಂದ ತೆಗೆದು ಕೆತ್ತಿಯ ಸಮಾಧಿಭೂಮಿಗೆ ತರಬೇಕು, ನಂತರ ಚರ್ಚನ್ನು ಬಿಟ್ಟುಕೊಡಬೇಕು.

ಅಗೆಯಲು ಮುಂದಾದವನು ದೋಣಿಯ ಮಣಿ. ಅವನ ತಾತನದೂ ಅಲ್ಲೊಂದು ಶಿಲುಬೆ. ಸೊಂಟದಾಳಕ್ಕೆ ಅಗೆದು ತಲೆಯೆತ್ತಿದ.

"ಒಂದೂ ಇಲ್ಲೆ ಅಕ್ಕಾ. ಬರೀ ಮಣ್ಣು."

ಎರಡನೆಯದೂ ಮಣ್ಣು, ಮೂರನೆಯದೂ ಮಣ್ಣು. ಇಷ್ಟು ವರ್ಷದಲ್ಲಿ ಎಲುಬು ಕರಗಿರುತ್ತದೆ, ಮಣ್ಣನ್ನೇ ಪೆಟ್ಟಿಗೆಗಳಿಗೆ ತುಂಬಿಕೊಳ್ಳಿ ಎಂದರು ಪಾದ್ರಿ. ಇನ್ನು ತಡೆಯಲಾರೆ ಎಂದು ರಾಜಾಮಣಿ ಬಾಯಿ ತೆರೆದರು. ಅಷ್ಟರಲ್ಲಿ ಮಣಿ ತಾತನ ಪೆಟ್ಟಿಗೆಯನ್ನು ಎದೆಗವಚಿಕೊಂಡು ಹತ್ತಿರ ಬಂದ.

"ನೀ ಬರೆದಿಲ್ಲೆ ಅಂದ್ರೆ ನಂಗಗೆ ಇಷ್ಟೂ ಸಿಕ್ಕುತ್ತಿರಲಿಲ್ಲೆ ಅಕ್ಕಾ," ಎಂದು ಅವರ ಕಾಲು ಮುಟ್ಟಿದ.

ರಾಜಾಮಣಿ ಬಗ್ಗಿ ಅವ್ವೆಯ ಶಿಲುಬೆಯಡಿಯ ಮಣ್ಣನ್ನು ಇನ್ನೊಂದು ಪೆಟ್ಟಿಗೆಗೆ ತುಂಬತೊಡಗಿದರು.

ಸಂಜೆ ದೋಣಿ ಹೊರಟಿತು. ರಾಜಾಮಣಿಯ ಮಡಿಲಲ್ಲಿ ಯಾರೂ ಇಲ್ಲದ ಮಣ್ಣಿನ ಪೆಟ್ಟಿಗೆ. ಅವ್ವೆ ಇದ್ದದ್ದು ಈ ನೀರಿನಡಿ. ಇನ್ನು ಈ ದಾರಿಯಲ್ಲಿ ಯಾರೂ ಬರುವುದಿಲ್ಲ. ಅವರಿಗೆ ಅಳು ಉಕ್ಕಿ ಬಂತು.

"ಮಣಿ, ದೋಣಿ ನಿಲ್ಲಿಸಪ್ಪಾ ಒಂದು ಗಳಿಗೆ."

ಮಣಿ ಹುಟ್ಟು ಎತ್ತಿ ಹಿಡಿದು ಸುತ್ತ ನೋಡಿದ.

"ಎಲ್ಲಿ ನಿಲ್ಲಿಸಲಿ ಅಕ್ಕಾ?"

ಎಲ್ಲಿ ಎಂದು ಅವರಿಗೆ ಗೊತ್ತಿರಲಿಲ್ಲ.