ಮಾವನ ಪಕ್ಕದ ಸೀಟು

ಮಾವನ ಕಾರಿಗೆ ಇದ್ದದ್ದು ಎರಡೇ ಸೀಟು. ಮೂವತ್ತು ವರ್ಷ ಹಳೆಯ ಕೆಂಪು ಸ್ಪೋರ್ಟ್ಸ್ ಕಾರು. ಹಿಂದೆ ಒಂದು ಕೊಡೆ ಇಡಲೂ ಜಾಗವಿಲ್ಲ. ಒಂದು ಸೀಟು ಮಾವನದು. ಇನ್ನೊಂದು, ಹನ್ನೊಂದು ವರ್ಷದಿಂದ ಪ್ರತಿ ಭಾನುವಾರ ಬೆಳಿಗ್ಗೆ, ದೊಡ್ಡಳಿಯನದು. ಯಾರೂ ಬರೆದುಕೊಟ್ಟಿರಲಿಲ್ಲ, ನಿಜ. ಆದರೆ ಸ್ವಂತ ಗ್ಯಾರೇಜು ಇಟ್ಟುಕೊಂಡು, ಆ ಎಂಜಿನ್ನನ್ನು ಎರಡು ಸಲ ಬಿಚ್ಚಿ ಜೋಡಿಸಿದ ಅಳಿಯನಿಗಲ್ಲದೆ ಅದು ಇನ್ಯಾರಿಗೆ ಸಲ್ಲಬೇಕು?

ಹೀಗಿರುವಾಗ ಚಿಕ್ಕಳಿಯ ಬಂದ. ಹೆಂಡತಿಯ ತಂಗಿಯ ಗಂಡ, ಆಸ್ಪತ್ರೆಗಳ ಸ್ಕ್ಯಾನಿಂಗ್ ಯಂತ್ರ ರಿಪೇರಿ ಮಾಡುವವನು. ಷಡ್ಡಕರೆಂದಮೇಲೆ ಸ್ವಲ್ಪ ಮುಸುಕಿನ ಗುದ್ದಾಟ ಇದ್ದದ್ದೇ. ಆದರೆ ಈ ಆಸಾಮಿ ಗುದ್ದಾಟಕ್ಕೇ ಬರುವುದಿಲ್ಲ. ಕಂಡಾಗಲೆಲ್ಲ 'ಅಣ್ಣ, ಬನ್ನಿ ಅಣ್ಣ' ಎಂದು ಕುರ್ಚಿ ಬಿಟ್ಟು ಏಳುತ್ತಾನೆ. ಇಂಥವನನ್ನು ಬೈಯುವುದಾದರೂ ಹೇಗೆ? ದೊಡ್ಡಳಿಯನಿಗೆ ಅದೇ ಹೊಟ್ಟೆ ಉರಿ.

ಕಾರು ಒಂದು ತಿಂಗಳಿಂದ ಏರಿನಲ್ಲಿ ಮುಗ್ಗರಿಸುತ್ತಿತ್ತು. ಎಂಜಿನ್ನಿನ ಕಂಪ್ಯೂಟರನ್ನು ಓದಿ ದೋಷ ಹೇಳುವ, ಪೆಟ್ರೋಲಿನ ಅಳತೆ ತಿದ್ದುವ ಸಾಫ್ಟ್‌ವೇರ್ ಒಂದನ್ನು ತೆಗೆದುಕೊಳ್ಳೋಣ ಎಂದರು ಮಾವ.

"ಅಂಗೈ ಹುಣ್ಣಿಗೆ ಕನ್ನಡಿ ಯಾಕೆ ಮಾವ? ಸದ್ದು ಕೇಳಿದ್ರೆ ನನಗೆ ಗೊತ್ತಾಗಲ್ವಾ?" ಎಂದ ದೊಡ್ಡಳಿಯ.

ಮಾವ ನಲವತ್ತು ವರ್ಷ ರಕ್ತ ಪರೀಕ್ಷೆಯ ಲ್ಯಾಬ್ ನಡೆಸಿದವರು. "ರಿಪೋರ್ಟ್ ಇಲ್ದೆ ಔಷಧಿ ಇಲ್ಲ ಅಳಿಯಂದ್ರೇ. ನೀವೊಂದು ಸಾಫ್ಟ್‌ವೇರ್ ತನ್ನಿ, ಚಿಕ್ಕಳಿಯಂದ್ರು ಒಂದು ತರ್ಲಿ. ಭಾನುವಾರ ಎರಡನ್ನೂ ನೋಡೋಣ. ಗೆದ್ದೋರು ಲ್ಯಾಪ್‌ಟಾಪ್ ಹಿಡ್ಕೊಂಡು ನನ್ನ ಪಕ್ಕ ಕೂತು ಅಂಕಿ ಓದ್ಬೇಕು."

ಪಕ್ಕ ಕೂತು! ಅಲ್ಲಿಗೆ ದೊಡ್ಡಳಿಯನ ಸೀಟನ್ನೇ ಪಣಕ್ಕಿಟ್ಟ ಹಾಗಾಯಿತು.

ಅವನು ಹುಡುಕಿ ತಂದ ಸಾಫ್ಟ್‌ವೇರ್ ನೋಡಲು ಕುರೂಪಿ. ಕಪ್ಪು ತೆರೆ, ಬಿಳಿ ಅಕ್ಷರ, ಹಳೆಯ ಲ್ಯಾಪ್‌ಟಾಪಿನಲ್ಲಿ ಮಾತ್ರ ಓಡುವಂಥದ್ದು. ಆದರೆ ಈ ಮಾದರಿಯ ಎಂಜಿನ್ನಿಗೆಂದೇ ಬರೆದದ್ದು. ಚಿಕ್ಕಳಿಯನದು ಮೊಬೈಲಿನಲ್ಲೇ ಕುಣಿಯುವ ಬಣ್ಣದ ಗ್ರಾಫು, ತಿರುಗುವ ಮುಳ್ಳು.

"ಕಾರು ಗೊತ್ತಿಲ್ದೋರಿಗೆ ಬಣ್ಣ ಬೇಕು. ಬಾನೆಟ್ ತೆಗೆಯೋ ಹಿಡಿ ಎಲ್ಲಿದೆ ಅಂತ್ಲೂ ಗೊತ್ತಿಲ್ಲ ನಿನ್ನ ತಂಗಿ ಗಂಡಂಗೆ," ಎಂದು ಹೆಂಡತಿಯ ಮುಂದೆ ಹಲ್ಲು ಕಿರಿದ. ಹಿಡಿ ಇದ್ದದ್ದು ಪಕ್ಕದ ಸೀಟಿನವರ ಮೊಣಕಾಲಿನ ಬಳಿ, ಡ್ಯಾಶ್‌ಬೋರ್ಡಿನ ಅಡಿ. ಕೂತು ಅಭ್ಯಾಸವಿದ್ದವರಿಗೇ ಗೊತ್ತು.

"ನೀವೇ ಒಂದಿನ ತೋರಿಸ್ಬಾರ್ದಾ?" ಎಂದಳು ಅವಳು. ಇವನು ಕೇಳಿಸದವನಂತೆ ಎದ್ದುಹೋದ.

ಶನಿವಾರ ಸಂಜೆ ಮಾವ ಪೆಟ್ರೋಲ್ ಹಾಕಿಸಿಕೊಂಡು ಬಂದು ಕಾರನ್ನು ಶೆಡ್ಡಿನಲ್ಲಿ ನಿಲ್ಲಿಸಿದರು. ಆಯಿಲ್ ನೋಡುತ್ತೇನೆಂದು ದೊಡ್ಡಳಿಯ ಬಾನೆಟ್ ಎತ್ತಿದ. ಶೆಡ್ಡಿನ ಕಿಟಕಿಯಿಂದ ಮನೆಯ ಹಾಲ್ ಕಾಣುತ್ತಿತ್ತು. ಚಿಕ್ಕಳಿಯ ಮೊಬೈಲಿನಲ್ಲಿ ಏನೋ ತೋರಿಸುತ್ತಿದ್ದ. ಮಾವ ನಕ್ಕು ಅವನ ಹೆಗಲ ಮೇಲೆ ಕೈ ಹಾಕಿದರು. ಹನ್ನೊಂದು ವರ್ಷ! ಒಂದು ದಿನ, ಒಂದೇ ಒಂದು ದಿನ ಆ ಕೈ ಇವನ ಹೆಗಲಿಗೆ ಬಂದಿರಲಿಲ್ಲ. ಅವನು ಎಂಜಿನ್ನಿನ ಕಡೆ ತಿರುಗಿದ. ಏನು ಮಾಡುತ್ತಿದ್ದೇನೆಂದು ಚೆನ್ನಾಗಿ ಗೊತ್ತಿದ್ದೇ, ಎಂಜಿನ್ ಎಷ್ಟು ಬಿಸಿಯಿದೆ ಎಂದು ಕಂಪ್ಯೂಟರಿಗೆ ಹೇಳುವ ಸೆನ್ಸರಿನ ಪ್ಲಗ್ಗನ್ನು ಕ್ಲಿಪ್ ಒತ್ತಿ ಅರ್ಧ ಎಳೆದು ಬಿಟ್ಟ.

ಬಿಸಿ ತಿಳಿಯದಿದ್ದರೆ ಈ ಹಳೆಯ ಕಂಪ್ಯೂಟರು ತಾನೇ ಒಂದು ಅಂಕಿ ಊಹಿಸಿಕೊಳ್ಳುತ್ತದೆ. ಬಣ್ಣದ ಸಾಫ್ಟ್‌ವೇರ್ ಆ ಊಹೆಯನ್ನೇ ನಿಜವೆಂದು ತೋರಿಸುತ್ತದೆ. ತನ್ನ ಕುರೂಪಿ ಮಾತ್ರ ಕಳ್ಳನನ್ನು ಹಿಡಿಯುತ್ತದೆ. ಇದು ಅವನ ಲೆಕ್ಕ.

ಲೆಕ್ಕ ತಪ್ಪಲಿಲ್ಲ. ಭಾನುವಾರ ಬೆಳಿಗ್ಗೆ ಕಾರು ಕೆಮ್ಮಿ ಕೆಮ್ಮಿ ಸ್ಟಾರ್ಟ್ ಆಗಿ ಶೆಡ್ಡಿನ ತುಂಬ ಹೊಗೆ ಬಿಟ್ಟಿತು. ಚಿಕ್ಕಳಿಯ ಸ್ಟಿಯರಿಂಗ್ ಕೆಳಗಿನ ಪ್ಲಗ್ಗಿಗೆ ತನ್ನ ಪುಟ್ಟ ಡಬ್ಬಿ ಸಿಕ್ಕಿಸಿ ಮೊಬೈಲ್ ನೋಡಿದ. "ದೋಷ ಏನೂ ಇಲ್ಲ ಅಂತಿದೆ ಮಾವ," ಎಂದು ಪೆಚ್ಚಾದ. ದೊಡ್ಡಳಿಯ ಎಂಜಿನ್ ಆರಿಸಿ, ತನ್ನ ಕೇಬಲ್ ಹಾಕಿ ಮತ್ತೆ ಸ್ಟಾರ್ಟ್ ಮಾಡಿದ. ಕಪ್ಪು ತೆರೆಯ ಮೇಲೆ ಸಾಲು ಮೂಡಿತು: ಬಿಸಿಯ ಸೆನ್ಸರಿಗೆ ಸಂಪರ್ಕವಿಲ್ಲ. ಅವನು ಬಾನೆಟ್ ಎತ್ತಿ, ಟಕ್ಕೆಂದು ಪ್ಲಗ್ ಒತ್ತಿ, ಕೈ ಒರೆಸಿಕೊಂಡ. ಹೊಗೆ ನಿಂತಿತು.

"ನೋಡಿದ್ರಾ ಮಾವ? ಇದು ಏನನ್ನೂ ಬಿಡಲ್ಲ."

ಮಾವ ಕನ್ನಡಕ ಸರಿಮಾಡಿಕೊಂಡರು. ರಿಪೋರ್ಟನ್ನು ಕೊನೆಯ ಸಾಲಿನವರೆಗೂ ಓದುವುದು ಅವರ ಹಳೆಯ ಚಾಳಿ. ತೆರೆಯ ಅಡಿಯ ಕೊನೆಯ ಸಾಲನ್ನು ದೊಡ್ಡಳಿಯ ಯಾವತ್ತೂ ಓದಿದವನಲ್ಲ; ಮಾವ ಓದಿದರು. "ಈ ದೋಷ ಇಟ್ಕೊಂಡು ಎಂಜಿನ್ ಸ್ಟಾರ್ಟ್ ಆಗಿದ್ದು ಎರಡು ಸಲ ಅಂತಿದೆ. ಅಂದ್ರೆ ಇವತ್ತಿನ ಎರಡು. ನಿನ್ನೆ ಪೆಟ್ರೋಲಿಗೆ ಹೋದಾಗ ಸರಿಯಿತ್ತು. ಆಮೇಲೆ ಬಾನೆಟ್ ಎತ್ತಿದ್ದು ಯಾರು?"

ದೊಡ್ಡಳಿಯ ಒರೆಸಿದ ಕೈಯನ್ನೇ ಮತ್ತೆ ಒರೆಸಿಕೊಂಡ. ಆಯಿಲ್ ನೋಡಿದ್ದು ಎಲ್ಲರಿಗೂ ಗೊತ್ತು. ಕ್ಲಿಪ್ ತಾನಾಗಿ ಬಿಚ್ಚಿಕೊಳ್ಳುವುದಿಲ್ಲವೆಂದು ಅವನೇ ಮಾವನಿಗೆ ಹಿಂದೊಮ್ಮೆ ಪಾಠ ಹೇಳಿದ್ದ.

"ನಾನೇ ಮಾವ," ಎಂದ ಚಿಕ್ಕಳಿಯ. "ಬೆಳಿಗ್ಗೆ ಬೇಗ ಬಂದು ಸುಮ್ನೆ ಬಾನೆಟ್ ತೆಗೆದು ನೋಡ್ತಿದ್ದೆ. ಕೈ ತಾಗಿರ್ಬೇಕು. ಅಣ್ಣನ ಸಾಫ್ಟ್‌ವೇರೇ ಇರ್ಲಿ, ಅಣ್ಣನೇ ಕೂತ್ಕೊಳ್ಲಿ."

"ಇರ್ಬಹುದು, ಹೊಸಬರಿಗೆ ಹಾಗಾಗುತ್ತೆ," ಎಂದುಬಿಟ್ಟ ದೊಡ್ಡಳಿಯ. ಎಂದವನೇ ಸೀಟಿನಲ್ಲಿ ಕೂತ.

ಲ್ಯಾಪ್‌ಟಾಪ್ ತೊಡೆಯ ಮೇಲೆ ಬೆಚ್ಚಗಿತ್ತು. ಗೇಟಿನಲ್ಲಿ ನಿಂತು ಚಿಕ್ಕಳಿಯ ಕೈ ಬೀಸಿದ. ಏರು ಶುರುವಾಯಿತು, ದೊಡ್ಡಳಿಯ ಅಂಕಿ ಓದತೊಡಗಿದ. ಅರ್ಧ ಏರಿನಲ್ಲಿ ಮಾವ ರಸ್ತೆ ನೋಡುತ್ತಲೇ ಹೇಳಿದರು:

"ಹೋದ ವಾರ ಎಂಜಿನ್ ನೀರು ನೋಡಿ ಅಂತ ಚಿಕ್ಕಳಿಯಂದ್ರಿಗೆ ಹೇಳಿದ್ದೆ. ಕಾಲು ಗಂಟೆ ಹುಡುಕಿ, ಬಾನೆಟ್ ಹಿಡಿ ಸಿಗ್ಲಿಲ್ಲ ಮಾವ ಅಂತ ಬಂದ್ರು. ನಾನೂ ಹೇಳಿಕೊಡ್ಲಿಲ್ಲ. ನೀವು ತೋರಿಸಿದ್ರಾ?"

ಹಿಡಿ ದೊಡ್ಡಳಿಯನ ಮೊಣಕಾಲಿಗೆ ಒತ್ತುತ್ತಿತ್ತು. "ಇಲ್ಲ," ಎಂದ.

ಮಾವ ಗೇರು ಇಳಿಸಿದರು. ದೊಡ್ಡಳಿಯನಿಗೆ ಸಿಕ್ಕಿಬಿದ್ದದ್ದಕ್ಕೆ ನಾಚಿಕೆಯಾಯಿತು, ಸುಳ್ಳಲ್ಲ. ಆದರೆ ಅದಕ್ಕಿಂತ ಹೆಚ್ಚಾಗಿ ಉರಿದದ್ದು ಬೇರೆ. ಆ ಹಾಳಾದವನು ಎಲ್ಲ ಗೊತ್ತಿದ್ದೂ ತನ್ನನ್ನು ಉಳಿಸಿದ್ದ. ಒಳ್ಳೆಯವನಾಗುವುದರಲ್ಲೂ ಅವನೇ ಮುಂದೆ!

"ಮಾವ," ಎಂದ ಕೊನೆಗೆ, "ಪ್ಲಗ್ ಎಳೆದದ್ದು ನಾನೇ. ಮುಂದಿನ ವಾರದಿಂದ ಅವರೇ ಕೂತ್ಕೊಳ್ಳಲಿ. ಹಿಡಿ ಎಲ್ಲಿದೆ ಅಂತ ನಾನೇ ತೋರಿಸ್ತೀನಿ."

ಹೇಳಿ ಮುಗಿಸುವಷ್ಟರಲ್ಲೇ, ಈಗಲಾದರೂ ಷಡ್ಡಕನಿಗಿಂತ ಒಂದು ಕೈ ಮೇಲಾದೆನೇ ಎಂದು ಮನಸ್ಸು ಅಳೆಯಹತ್ತಿತ್ತು. ಮಾವನ ಕೈ ಗೇರಿನಿಂದ ಎದ್ದು ತನ್ನ ಹೆಗಲಿಗೆ ಬಂದೀತೇ ಎಂದು ಓರೆಗಣ್ಣಿನಲ್ಲಿ ಕಾದ.

ಏರು ಇನ್ನೂ ಮುಗಿದಿರಲಿಲ್ಲ. ಕೈ ಗೇರಿನ ಮೇಲೆಯೇ ಇತ್ತು.