ಕಿಟಕಿ ಬೇರೆ, ಕಣ್ಣು ಬೇರೆ

"ಇನ್ನೂ ಸ್ವಲ್ಪ ಒತ್ತಾಗಿ ನಿಂತ್ಕೊಳ್ಳಿ," ಎಂದು ಲುಕ್ಯಾನ್ ಕೈಬೀಸಿದ. ಸತ್ತ ಅಪ್ಪನದೇ ಕ್ಯಾಮೆರಾ ಅವನ ಮುಖಕ್ಕೆ ಅಂಟಿಕೊಂಡಿತ್ತು. ಅಂಗಳದ ನಡುವೆ ತೆರೆದ ಶವಪೆಟ್ಟಿಗೆಯಲ್ಲಿ ಅಪ್ಪ ತಿಮೋಫಿ ಮಲಗಿದ್ದ. ಸುತ್ತ ನೆರೆಯವರು, ಕಾರ್ಖಾನೆಯ ಮುದುಕರು. ಹೆಣದ ಜೊತೆ ಕೊನೆಯ ಪಟ ತೆಗೆಸಿಕೊಳ್ಳದೆ ಖಾರ್ಕಿವ್‌ನಲ್ಲಿ ಯಾರನ್ನೂ ಮಣ್ಣಿಗೆ ಕಳಿಸುವುದಿಲ್ಲ.

ಅಷ್ಟರಲ್ಲಿ ಕಂದು ಕೋಟಿನ ವಯಸ್ಸಾದ ಹೆಂಗಸೊಬ್ಬಳು ಗೇಟು ದಾಟಿ ಬಂದವಳೇ ನೇರ ಹೋಗಿ ತಲೆದೆಸೆಯಲ್ಲಿ ನಿಂತಳು. ರಕ್ತಸಂಬಂಧಿಗಳು ನಿಲ್ಲುವ ಜಾಗ ಅದು. ಎದುರಿಗೇ ನಿಂತಿದ್ದ ತಿಮೋಫಿಯ ಹೆಂಡತಿ ಪರಸ್ಕಾ ತಲೆಯೆತ್ತಿ ನೋಡಿದಳು. ಗುರುತೇ ಸಿಗಲಿಲ್ಲ. ಆ ಹೆಂಗಸು ಕೈಗವಸು ಕಳಚಿ, ಮಗುವಿನ ಜ್ವರ ನೋಡುವವರ ಹಾಗೆ, ತಿಮೋಫಿಯ ಹಣೆಯ ಮೇಲೆ ಕೈಯಿಟ್ಟಳು.

"ಪೋಲ್ತಾವಾದವಳಂತೆ ಕಣೇ," ಎಂದು ಪಕ್ಕದ ಮನೆಯ ಜೀನಾ ಕಿವಿಯಲ್ಲಿ ಉಸುರಿದಳು. ಸಾವಿನ ಮನೆಯಲ್ಲೂ ಆಡುವ ಬಾಯಿಗೆ ಬೀಗವಿಲ್ಲ.

ಪೋಲ್ತಾವಾ! ಪ್ರತಿ ಶರತ್ಕಾಲದಲ್ಲಿ ಅಣಬೆ ಕೀಳುವ ನೆಪದಲ್ಲಿ ತಿಮೋಫಿ ಒಬ್ಬನೇ ಹೋಗುತ್ತಿದ್ದದ್ದು ಆ ಕಡೆಗೇ. ತಂದ ಅಣಬೆಯನ್ನು ಪರಸ್ಕಾ ಇಷ್ಟು ವರ್ಷ ಈರುಳ್ಳಿ ಹಾಕಿ ಹುರಿದು ಬಡಿಸಿದ್ದಳಲ್ಲ, ಪೆದ್ದಿ!

ಈ ಹೆಂಗಸನ್ನು ಆಚೆ ಕಳಿಸು ಎನ್ನುವಂತೆ ಮಗ ಲುಕ್ಯಾನ್‌ನ ಕಡೆ ತಿರುಗಿದಳು. ಆಗ ಕಂಡಿತು: ಲೆನ್ಸಿನ ಮುಚ್ಚಳ ತೆಗೆದೇ ಇಲ್ಲ.

ಉಳಿದವರೆಲ್ಲ ತಲೆ ಬಗ್ಗಿಸಿ ಸತ್ತವನ ಮುಖವನ್ನೇ ನೋಡುತ್ತಿದ್ದರು. ಅಂಥ ಪಟಕ್ಕೆ ಹಾಗೇ ನಿಲ್ಲಬೇಕು. ಒಂದು ಮಾತು ಹೇಳಿದರೆ ಸಾಕಿತ್ತು. ಹೇಳಿದರೆ ಈ ಹೆಂಗಸೂ ಪಟದಲ್ಲಿ ಬೀಳುತ್ತಾಳೆ, ಹಣೆಯ ಮೇಲಿನ ಆ ಕೈಯ ಸಮೇತ ಮನೆಯ ಗೋಡೆ ಏರುತ್ತಾಳೆ. ಪರಸ್ಕಾ ತುಟಿ ಬಿಗಿದುಕೊಂಡಳು. ಲುಕ್ಯಾನ್ ಗುಂಡಿ ಒತ್ತಿದ. ಮೂಗು ಒರೆಸಿಕೊಂಡು ಇನ್ನೊಮ್ಮೆ ಒತ್ತಿದ.

*

ಕ್ಯಾಮೆರಾ ಕಾರ್ಖಾನೆಗೆ ಸೇರಿದ ಹೊಸದರಲ್ಲಿ ಪರಸ್ಕಾ ಪರೀಕ್ಷೆಗೆಂದು ಕೊಟ್ಟ ಇಡೀ ರೀಲನ್ನು ಲೆನ್ಸಿನ ಮುಚ್ಚಳ ತೆಗೆಯದೆಯೇ ಮುಗಿಸಿದ್ದಳು. ಎದುರಿನ ಮೇಜಿನಲ್ಲಿದ್ದ ತಿಮೋಫಿ ಹೊಟ್ಟೆ ಹಿಡಿದುಕೊಂಡು ನಕ್ಕಿದ್ದ.

"ಈ ಪೆಟ್ಟಿಗೇಲಿ ಕಿಟಕಿ ಬೇರೆ, ಕಣ್ಣು ಬೇರೆ ಕಣಮ್ಮಾ. ಕಣ್ಣು, ಅಂದ್ರೆ ಲೆನ್ಸು, ಮುಚ್ಚಿದ್ರೂ ನಾವು ನೋಡೋ ಕಿಟಕೀಲಿ ಲೋಕ ಎಲ್ಲ ಚೆನ್ನಾಗೇ ಕಾಣುತ್ತೆ. ಎದುರಿಗೆ ನಿಂತೋರೇ ಹೇಳ್ಬೇಕು."

ಆ ಕಿಟಕಿಯೇ ಅವನ ಬದುಕು. ಅದರಲ್ಲಿ ನೋಡಿದರೆ ಒಂದು ಮುಖ ಎರಡಾಗಿ ಕಾಣುತ್ತದೆ. ಲೆನ್ಸ್ ತಿರುಗಿಸುತ್ತಾ ಎರಡೂ ಒಂದಾದರೆ ದೂರ ಸರಿಯಾಯಿತು ಎಂದು ಅರ್ಥ. ಒಳಗಿನ ಪುಟ್ಟ ಕನ್ನಡಿಯನ್ನು ಅದಕ್ಕೆ ತಕ್ಕಂತೆ ಕೂರಿಸುವುದು ಅವನ ಕೆಲಸ. ಕಲಿತದ್ದು ಹುಡುಗನಾಗಿದ್ದಾಗ, ಅನಾಥ ಮಕ್ಕಳನ್ನು ಸಾಕಿ ಕೆಲಸ ಕಲಿಸುವ ಕಮ್ಯೂನಿನಲ್ಲಿ. ಅಲ್ಲಿ ಒಂದು ಜರ್ಮನ್ ಕ್ಯಾಮೆರಾವನ್ನು ತಿರುಪು ತಿರುಪಾಗಿ ಬಿಚ್ಚಿ, ಅಳೆದು, ಅಂಥದ್ದೇ ಇನ್ನೊಂದನ್ನು ಮಾಡಿದ್ದರು. ಫೆಡ್ ಎಂದು ಹೆಸರಿಟ್ಟಿದ್ದರು. ಮೊದಮೊದಲ ಆ ಕ್ಯಾಮೆರಾಗಳಲ್ಲಿ ಒಂದರ ಲೆನ್ಸನ್ನು ಇನ್ನೊಂದಕ್ಕೆ ಹಾಕಿದರೆ ಪಟ ಮಸುಕಾಗುತ್ತಿತ್ತು.

ಮದುವೆಯ ಮಾತೆತ್ತಿದಾಗ ತಿಮೋಫಿ ಅದನ್ನೇ ಹೇಳಿದ್ದ. "ನಾನೂ ಹಾಗೇ. ಇನ್ನೊಬ್ರಿಗೆ ಹೊಂದೋನಲ್ಲ. ನಂಗೆ ಹಿಂದೆ ಮುಂದೆ ಯಾರೂ ಇಲ್ಲ, ಪರಸ್ಕಾ. ನೀನೊಬ್ಳೇ."

ಆ ಒಂದು ಮಾತನ್ನು ನೆಚ್ಚಿಕೊಂಡೇ ಅವಳು ಬಾಳಿದ್ದಳು.

*

ಪೆಟ್ಟಿಗೆಗೆ ಮೊಳೆ ಬಿತ್ತು, ಮೇಲೆ ಮಣ್ಣು ಬಿತ್ತು. ಆ ಹೆಂಗಸು ಊಟಕ್ಕೂ ಬಂದಳು. ಸತ್ತವರ ಹೆಸರಿನ ಊಟಕ್ಕೆ ಬಂದವರನ್ನು ಹೊರಗೆ ಹಾಕುವ ಹಾಗಿಲ್ಲ. ಕಾರ್ಖಾನೆಯ ಮುದುಕರು ತಿಮೋಫಿ ಎಂಥ ಹಟಮಾರಿಯಾಗಿದ್ದ, ಕೂದಲೆಳೆಯಷ್ಟು ವ್ಯತ್ಯಾಸವಾದರೂ ಕನ್ನಡಿ ಕಿತ್ತು ಮತ್ತೆ ಕೂರಿಸುತ್ತಿದ್ದ ಎಂದು ನೆನೆಯುತ್ತಿದ್ದರು. ಪರಸ್ಕಾಳಿಗೆ ಏನೂ ಕೇಳಿಸಲಿಲ್ಲ. ಬೀಟ್‌ರೂಟಿನ ಸಾರು ಬಡಿಸುತ್ತಾ ಆ ಹೆಂಗಸಿನ ಮುಂದೆ ನಿಂತಳು.

"ಅಣಬೆ ನೀವೇ ಆರಿಸಿ ಕೊಡ್ತಿದ್ರಾ?"

ಜೀನಾ ರೊಟ್ಟಿ ಅಗಿಯುವುದನ್ನು ನಿಲ್ಲಿಸಿದಳು.

"ಹೂಂ," ಎಂದಳು ಆ ಹೆಂಗಸು. "ಅವನಿಗೆ ವಿಷದ್ದು ಯಾವುದು, ಒಳ್ಳೇದು ಯಾವುದು ಗೊತ್ತಾಗ್ತಿರ್ಲಿಲ್ಲ. ಚಿಕ್ಕಂದಿನಿಂದ್ಲೂ ಅಷ್ಟೇ." ಆಮೇಲೆ ತಲೆಯೆತ್ತಿ ಕೇಳಿದಳು: "ನಿಮ್ಮನ್ನ ಒಂದೇ ಒಂದ್ಸಲ ಅತ್ತಿಗೆ ಅಂತ ಕರೀಲಾ?"

ಸೌಟು ಕೈಜಾರಿ ಸಾರಿನೊಳಗೆ ಬಿತ್ತು.

ಅವಳ ಹೆಸರು ಯಾರಿನಾ. ತಿಮೋಫಿಯ ಒಡಹುಟ್ಟಿದ ತಂಗಿ. ಊರಿಗೆ ಊರೇ ಹಸಿವಿನಿಂದ ಸಾಯುತ್ತಿದ್ದ ವರ್ಷ ಅವರ ತಾಯಿ ಇಬ್ಬರನ್ನೂ ಖಾರ್ಕಿವ್ ಸ್ಟೇಷನ್ನಿನಲ್ಲಿ ಬಿಟ್ಟು ಹೋಗಿದ್ದಳು. ಯಾರು ಕೇಳಿದರೂ ನಮಗೆ ಯಾರೂ ಇಲ್ಲ ಅನ್ನಿ, ಇದ್ದಾರೆ ಅಂದರೆ ಹಳ್ಳಿಗೇ ವಾಪಸ್ ಕಳಿಸುತ್ತಾರೆ, ಅಲ್ಲಿ ತಿನ್ನೋಕೆ ಹುಲ್ಲೂ ಇಲ್ಲ ಎಂದಿದ್ದಳಂತೆ. ಅವನು ಕಮ್ಯೂನಿಗೆ ಹೋದ, ಇವಳನ್ನು ಬೇರೆಲ್ಲಿಗೋ ಒಯ್ದರು. ಯುದ್ಧ ಮುಗಿದ ಮೇಲೆ ಅವನೇ ಹುಡುಕಿಕೊಂಡು ಬಂದ. ಅಷ್ಟರಲ್ಲಿ ಕಾಗದಪತ್ರಗಳಲ್ಲೆಲ್ಲ ಯಾರೂ ಇಲ್ಲ ಎಂದೇ ಬರೆಸಿಯಾಗಿತ್ತು. ಅಪ್ಪನನ್ನು ಸರ್ಕಾರದ ವೈರಿಯೆಂದು ಸೈಬೀರಿಯಾಕ್ಕೆ ಅಟ್ಟಿದ್ದರು. ಗುಟ್ಟು ಬಯಲಾದರೆ ಕೆಲಸ ಉಳಿಯುತ್ತಿರಲಿಲ್ಲ. ಕಾಲ ಬದಲಾಗಿ ಭಯ ಹೋದ ಮೇಲೆ ನಾಚಿಕೆ ಹಿಡಿಯಿತು. ಬರುವ ವರ್ಷ ಪರಸ್ಕಾಗೆ ಹೇಳಿಬಿಡುತ್ತೇನೆ ಎಂದು ಪ್ರತಿ ಶರತ್ಕಾಲದಲ್ಲೂ ಹೇಳುತ್ತಿದ್ದನಂತೆ.

ಪರಸ್ಕಾ ಬೆಂಚಿನ ಮೇಲೆ ಕುಳಿತಳು. ಒಂದೇ ಹಾಸಿಗೆಯಲ್ಲಿ ಮಲಗಿದವನಿಗೆ ಇಷ್ಟೂ ಹೇಳಬೇಕು ಅನಿಸಲಿಲ್ಲವೇ? ನನ್ನ ಮೇಲೆ ಅಷ್ಟೂ ನಂಬಿಕೆ ಇರಲಿಲ್ಲವೇ?

"ನಿಮ್ಮಿಬ್ಬರ ಪಟ ಯಾವುದಾದ್ರೂ ಇದ್ಯಾ?"

ಯಾರಿನಾ ಇಲ್ಲವೆಂದು ತಲೆಯಾಡಿಸಿದಳು. ಪಟ ಅಂದರೆ ಸಾಕ್ಷಿ ಎನ್ನುತ್ತಿದ್ದನಂತೆ. ಪೋಲ್ತಾವಾಕ್ಕೆ ಒಂದು ಸಲವೂ ಕ್ಯಾಮೆರಾ ತಂದವನಲ್ಲ.

"ಇವತ್ತಿನದೂ ಇಲ್ಲ," ಎಂದಳು ಪರಸ್ಕಾ. "ಕ್ಯಾಮೆರಾಕ್ಕೆ ಮುಚ್ಚಳ ಹಾಕಿತ್ತು. ನಾನು ನೋಡ್ದೆ. ನೀವು ಅದ್ರಲ್ಲಿ ಇರಬಾರ್ದು ಅಂತ ಸುಮ್ನಿದ್ದೆ."

ಲುಕ್ಯಾನ್ ದಡಬಡಿಸಿ ಎದ್ದು ಕಪಾಟಿನ ಮೇಲಿದ್ದ ಕ್ಯಾಮೆರಾದ ಚರ್ಮದ ಚೀಲ ಬಿಚ್ಚಿದ. ಮುಚ್ಚಳ ಇನ್ನೂ ಲೆನ್ಸಿನ ಮೇಲೇ ಇತ್ತು.

ಯಾರಿನಾ ಮಾತ್ರ ಅಲುಗಲಿಲ್ಲ.

"ನಾನೂ ನೋಡ್ದೆ, ಅತ್ತಿಗೆ."

"ನೋಡಿಯೂ ಯಾಕೆ ಹೇಳ್ಲಿಲ್ಲ ಮತ್ತೆ?"

"ಹೇಳೋಕೆ ನಾನ್ಯಾರು?"

ಲುಕ್ಯಾನ್ ಮುಚ್ಚಳವನ್ನು ಅಂಗೈಯಲ್ಲಿ ಅವುಚಿಕೊಂಡು ಕಿಟಕಿಗೆ ಹೋದ. ಕೆಳಗೆ ಅಂಗಳದಲ್ಲಿ, ಅಪ್ಪನ ಪೆಟ್ಟಿಗೆ ಇರಿಸಿದ್ದ ಎರಡು ಸ್ಟೂಲುಗಳು, ಹೆಣ ಎತ್ತಿದ ಮೇಲಿನ ಪದ್ಧತಿಯಂತೆ, ಕಾಲು ಮೇಲಾಗಿ ಕೆಸರಿನಲ್ಲಿ ಬಿದ್ದಿದ್ದವು. ಅವನು ಕ್ಯಾಮೆರಾ ಎತ್ತಿ ಅವುಗಳದ್ದೇ ಒಂದು ಪಟ ತೆಗೆದ.