ಸುತ್ತಿಗೆ ಇಳಿಸಿದ ದಿನ

“ಇಳಿಸೋ ಸುತ್ತಿಗೆ, ಬೋಳಿಮಗನೆ! ನಿನ್ನೆ ಅಷ್ಟೊತ್ತು ಬಾಯಿ ಬಡ್ಕೊಂಡಿದ್ದು ಗೋಡೆಗಾ?”

ನಗರಸಭೆಯ ಸಾಹೇಬ ನಮ್ಮ ಶೆಡ್ಡಿನ ಬಾಗಿಲಲ್ಲಿ ನಿಂತು ಕಿರುಚಿದ್ದು ನನ್ನ ಗಂಡನಿಗೆ. ಅವನು ಬಕೆಟ್ಟಿಗೆ ತಳ ಕೂರಿಸುತ್ತಿದ್ದ. ಎತ್ತಿದ ಸುತ್ತಿಗೆಯನ್ನು ಹಾಗೇ ತಡೆದು, ಮೆಲ್ಲಗೆ ತೊಡೆಯ ಮೇಲೆ ಇಟ್ಟುಕೊಂಡ.

“ಇದೊಂದು ತಳ ಮುಗಿಸಿಬಿಡ್ತೀನಿ ಸಾರ್. ಅರ್ಧ ಮಡಚಿ ಬಿಟ್ರೆ ಅಂಚು ಸೀಳತ್ತೆ.”

“ಸೀಳ್ಲಿ. ಕೇಂದ್ರದವರು ಇಲ್ಲಿಗೆ ಹೊರಟಾಯ್ತು. ಅವರ ಕಿವಿಗೆ ಒಂದು ಟಣ್ ಅಂತ ಬಿದ್ರೂ ಆಮೇಲೆ ನಿನ್ನನ್ನೇ ಸೀಳ್ತೀನಿ.”

ಹೇಳಿ ಪಕ್ಕದ ಶೆಡ್ಡಿಗೆ ಹೋದ. ಅಲ್ಲಿ ಕೂತಿದ್ದವಳು ಬಕೆಟ್ ಅಕ್ಕ, ಗಂಡ ಸತ್ತ ಮೇಲೆ ಒಬ್ಬಳೇ ಶೆಡ್ಡು ನಡೆಸುವವಳು. ಹೆಂಗಸು ಅಂತ ಅವಳಿಗೆ ಬೋಳಿಮಗನೆ ಅನ್ನಲಿಲ್ಲ, ಬೋಳಿ ಅಂದ. ಅಷ್ಟೇ ವ್ಯತ್ಯಾಸ.

ನಮ್ಮದು ತಗಡಿನ ಓಣಿ. ಹಳೇ ಡ್ರಮ್ಮು ಸೀಳಿ, ಬಡಿದು ಚಪ್ಪಟೆ ಮಾಡಿ, ಬಕೆಟ್ಟು, ಪೆಟ್ಟಿಗೆ, ಹೊಗೆ ಕೊಳವೆ ಮಾಡುತ್ತೇವೆ. ಬೆಳಿಗ್ಗೆ ಶುರುವಾದ ಸದ್ದು ಕತ್ತಲಾಗುವವರೆಗೆ ನಿಲ್ಲುವುದಿಲ್ಲ. ಇಲ್ಲಿ ಹುಟ್ಟಿದ ಕೂಸು ಸದ್ದಿಗೆ ನಿದ್ದೆ ಮಾಡುತ್ತದೆ, ಸದ್ದು ನಿಂತರೆ ಎದ್ದು ಅಳುತ್ತದೆ.

ಈಗ ನಗರಸಭೆಗೆ ಕೇಂದ್ರ ಸರ್ಕಾರದ ದುಡ್ಡು ಬೇಕಾಗಿದೆ. ಊರಿನ ಜನರ ಬದುಕು ಮೇಲೆತ್ತುವ ಯೋಜನೆಯಂತೆ. ನಮ್ಮ ಓಣಿ ಕೆಡವಿ, ಆ ಜಾಗದಲ್ಲಿ ಗಾಜಿನ ಮಳಿಗೆ ಕಟ್ಟುತ್ತಾರಂತೆ. ಆದರೆ ಆ ದುಡ್ಡು ಸಿಗುವುದು ಕಸುಬು ಸತ್ತುಹೋದ ಜಾಗಕ್ಕೆ ಮಾತ್ರ, ಅದನ್ನು ಕೇಂದ್ರದವರೇ ಬಂದು ನೋಡುತ್ತಾರೆ. ನಮ್ಮ ಕಸುಬು ಹಾಳಾದ್ದು ಇನ್ನೂ ಸತ್ತಿಲ್ಲ. ಅದೇ ಅವರಿಗೆ ತಲೆನೋವು.

ಅದಕ್ಕೇ ನಿನ್ನೆ ಸಾಹೇಬ ನಮ್ಮನ್ನೆಲ್ಲ ಸೇರಿಸಿ, ಟೀ ಕುಡಿಸಿ, ನಗುನಗುತ್ತ ಹೇಳಿದ್ದ: “ಒಂದೇ ಒಂದು ಬೆಳಿಗ್ಗೆ ಸತ್ತಂಗೆ ಇರಿ. ಆಮೇಲೆ ಜೀವಮಾನ ಪೂರ್ತಿ ಸುಖವಾಗಿ ಬದುಕ್ಕೊಳ್ಳಿ. ಹೊಸ ಕಟ್ಟಡದಲ್ಲಿ ಮನೆಗೊಂದು ಅಂಗಡಿ.”

ನಾನು ಎದ್ದು ನಿಂತು ಕೇಳಿದ್ದೆ. “ಅಲ್ಲಿ ತಗಡು ಬಡೀಬಹುದಾ ಸಾರ್?”

“ಗಾಜಿನ ಕಟ್ಟಡದಲ್ಲಿ ಯಾವಳಾದ್ರೂ ತಗಡು ಬಡೀತಾಳೇನಮ್ಮಾ?”

ಎಲ್ಲರೂ ನಕ್ಕರು. ನನ್ನ ಗಂಡನೂ ನಕ್ಕ. ಮೀನಿನ ಮಾರ್ಕೆಟ್ಟು ಕೆಡವುವಾಗಲೂ ಹೀಗೇ ಮೊಣಕೈಗೆ ಬೆಲ್ಲ ಹಚ್ಚಿದ್ದರು. ಆ ಹೆಂಗಸರು ಈಗ ಬಸ್ ಸ್ಟ್ಯಾಂಡಿನ ಮೆಟ್ಟಿಲ ಮೇಲೆ ಪೊಲೀಸರ ಕಾಲಡಿ ಮೀನು ಮಾರುತ್ತಾರೆ. ಅದು ಎಲ್ಲರಿಗೂ ಗೊತ್ತು. ಗೊತ್ತಿದ್ದೂ ಟೀ ಕುಡಿದೆವು. ಬೇಡ ಅಂದರೆ ನಾಳೆಯೇ ಕೆಡವುತ್ತಾರೆ, ಹೂಂ ಅಂದರೆ ಆರು ತಿಂಗಳು ಬಿಟ್ಟು. ಬಡವರ ಲೆಕ್ಕ ಇಷ್ಟೇ.

ಒಂದು ಮಾತು ಮಾತ್ರ ಯಾರಿಗೂ ಹೊಳೆಯಲಿಲ್ಲ. ನಮ್ಮ ಓಣಿಯಲ್ಲಿ ಸುತ್ತಿಗೆ ಇಳಿಸುವುದು ಸಾವಿಗೆ ಮಾತ್ರ. ಯಾರಾದರೂ ಸತ್ತರೆ ಹೆಣ ಓಣಿ ದಾಟುವವರೆಗೆ ಒಬ್ಬರೂ ಬಡಿಯುವುದಿಲ್ಲ. ದಾಟಿದ ಮೇಲೆ ಸತ್ತವರ ಮನೆಯವರು ಮೊದಲ ಏಟು ಹಾಕಬೇಕು. ಅದು ಬಿದ್ದ ಮೇಲೆ ಪಕ್ಕದ ಶೆಡ್ಡಿನವರು ಹಾಕಲೇಬೇಕು, ಆಮೇಲೆ ಅವರ ಪಕ್ಕದವರು. ಹೀಗೆ ಓಣಿಯ ಕೊನೆ ಮುಟ್ಟುವಷ್ಟರಲ್ಲಿ ಅಳುವವರ ಅಳು ಯಾರಿಗೂ ಕೇಳಿಸುವುದಿಲ್ಲ.

ನನ್ನ ಮಾವನ ಕಿವಿ ತಗಡಿಗೇ ಹೋಗಿದೆ. ಪೂರಾ ಕೆಪ್ಪು. ಒಳಗೆ ಚಾಪೆಯ ಮೇಲೆ ಮಲಗಿ ಅಂಗೈಯನ್ನು ಕಲ್ಲುಚಪ್ಪಡಿಗೆ ಊರಿರುತ್ತಾರೆ. ಓಣಿಯ ಸದ್ದು ಅವರಿಗೆ ನೆಲದಿಂದ ಕೈಗೆ ಹತ್ತುತ್ತದೆ. ಇವತ್ತಿನ ನಾಟಕ ಅವರಿಗೆ ಹೇಳಿರಲಿಲ್ಲ. ಸಾಯದೆ ಸತ್ತಂಗೆ ಕೂರ್ತೀವಿ ಮಾವ, ಅಂತ ಕೈಸನ್ನೆಯಲ್ಲಿ ಹೇಳುವುದಾದರೂ ಹೇಗೆ?

ಕಾರುಗಳು ಬಂದವು. ಕೇಂದ್ರದವರು ಕೊಡೆ ಹಿಡಿಸಿಕೊಂಡು ಇಳಿದರು. ಹೇಳಿಕೊಟ್ಟ ಹಾಗೆ ನಾವೆಲ್ಲ ಹೊಸ್ತಿಲ ಮೇಲೆ, ತೊಡೆಯಲ್ಲಿ ಕೈ ಇಟ್ಟುಕೊಂಡು ಕೂತಿದ್ದೆವು. ಸಾಹೇಬನ ಗಂಟಲಲ್ಲಿ ಜೇನು ಸುರಿಯುತ್ತಿತ್ತು.

“ನೋಡಿ ಮೇಡಂ, ಇಡೀ ಓಣಿ ನಿಂತುಹೋಗಿದೆ. ಪಾಪದ ಜನ. ನೀವು ಕೈ ಹಿಡಿದರೆ ಉಂಟು, ಇಲ್ಲಾಂದ್ರೆ ಇಲ್ಲ.”

ಕೇಂದ್ರದಿಂದ ಬಂದ ಹೆಂಗಸು ನನ್ನ ಮುಂದೆ ನಿಂತಳು. “ನೀವು ಏನು ಕೆಲಸ ಮಾಡ್ತೀರಮ್ಮ?”

“ಏನೂ ಇಲ್ಲ ಮೇಡಂ,” ಅಂದ ಸಾಹೇಬ.

ನಾನೂ ತಲೆ ಆಡಿಸಿದೆ. ಜಡ್ಡುಗಟ್ಟಿದ ಅಂಗೈಗಳನ್ನು ಸೆರಗಿನೊಳಗೆ ಮುಚ್ಚಿಕೊಂಡೆ. ನಾಚಿಕೆ ಆಗಬೇಕಿತ್ತು, ಸಿಟ್ಟು ಬರಬೇಕಿತ್ತು. ಏನೂ ಆಗಲಿಲ್ಲ. ಮರಗಟ್ಟಿದ ಕಾಲನ್ನು ಚಿವುಟಿದ ಹಾಗಿತ್ತು.

ಆಗ ನನ್ನ ಬೆನ್ನ ಹಿಂದಿನಿಂದ ದೊಡ್ಡ ದನಿ ಬಂತು. ಕೆಪ್ಪರಿಗೆ ತಮ್ಮ ದನಿಯ ಅಳತೆ ಗೊತ್ತಿರುವುದಿಲ್ಲ.

“ಯಾರು ಹೋದ್ರು?”

ಮಾವ ಹೊಸ್ತಿಲು ದಾಟಿದರು. ಸಾವಿನ ಮನೆಗೆ ಹೊರಟವರ ಹಾಗೆ ತಲೆಯ ಬಟ್ಟೆ ಬಿಚ್ಚಿ ಹೆಗಲಿಗೆ ಹಾಕಿಕೊಂಡಿದ್ದರು. ಸೀದಾ ಬಕೆಟ್ ಅಕ್ಕನ ಹತ್ತಿರ ಹೋಗಿ ಅವಳ ತಲೆ ಮುಟ್ಟಿ ನೋಡಿದರು.

“ನೀನಿದೀಯಲ್ಲ ತಾಯಿ. ಮತ್ತೆ ಯಾರು?”

ಅಕ್ಕ ನೆಲ ನೋಡಿದಳು. ಮಾವ ಆಚೆ ಶೆಡ್ಡಿಗೆ ಹೋದರು, ಅದರಾಚೆಗೆ ಹೋದರು. “ನೀನಿದೀಯ. ನಿಮ್ಮಮ್ಮ ಇದಾಳಾ? ಇದಾಳೆ. ಅಯ್ಯೋ, ಬಾಯಿ ಬಿಡ್ರೋ, ಯಾರು ಹೋದ್ರು?”

“ತಲೆ ಕೆಟ್ಟಿದೆ ಮೇಡಂ,” ಅಂದ ಸಾಹೇಬ. “ಕೆಲಸ ಇಲ್ದೆ ಕೂತು ಕೂತು ಹೀಗಾಗ್ಬಿಟ್ಟಿದಾರೆ.” ಆಮೇಲೆ ನನ್ನ ಗಂಡನ ಕಿವಿಯ ಹತ್ತಿರ ಬಾಗಿದ. “ಒಳಗೆ ಎಳ್ಕೊಂಡು ಹೋಗೋ ಆ ಮುದಿನಾಯೀನ. ಅಂಗಡಿ ಬೇಕೋ ಬೇಡ್ವೋ?”

ನನ್ನ ಗಂಡ ಹೋಗಿ ತನ್ನಪ್ಪನ ರಟ್ಟೆ ಹಿಡಿದು ಎಳೆದ. ಬಾಯಿಗೆ ಕೈ ಅಡ್ಡ ಇಟ್ಟ. ಹೆತ್ತಪ್ಪನ ಬಾಯಿಗೆ. ಅವನ ಮುಖದಲ್ಲೂ ಏನೂ ಇರಲಿಲ್ಲ. ಮಾವ ಕೊಸರಿಕೊಂಡು ನನ್ನ ಮುಂದೆ ಬಂದು ನಿಂತರು. ಓಣಿಯ ಉದ್ದಕ್ಕೂ ಒಮ್ಮೆ ನೋಡಿದರು. ಎಲ್ಲರೂ ಇದ್ದಾರೆ, ಯಾರೂ ಮಾತಾಡುತ್ತಿಲ್ಲ. ಅವರ ದನಿ ಇದ್ದಕ್ಕಿದ್ದ ಹಾಗೆ ಇಳಿಯಿತು.

“ನಾನೇನಾ, ಮಗಳೇ? ನಾನೇ ಹೋದ್ನಾ?”

ನಾನು ಎದ್ದೆ. ಒಳಗೆ ಹೋಗಿ ಗಂಡನ ಸುತ್ತಿಗೆ ತಗೊಂಡೆ. ಅರ್ಧ ಮಡಚಿದ ಬಕೆಟ್ಟಿನ ತಳ ಅಡೆಗಲ್ಲಿನ ಮೇಲೆ ಹಾಗೇ ಇತ್ತು. ಒಂದೇಟು ಹಾಕಿದೆ. ಆ ನಿಶ್ಶಬ್ದದಲ್ಲಿ ಅದು ಎಷ್ಟು ಜೋರಾಗಿ ಕೇಳಿತೆಂದರೆ ಕೊಡೆ ಹಿಡಿದವನು ಬೆಚ್ಚಿಬಿದ್ದ.

“ಏಯ್!” ಅಂದ ಸಾಹೇಬ.

ಮಾವ ಹೊಸ್ತಿಲಲ್ಲಿ ಮಂಡಿಯೂರಿ ಕೂತು ಅಂಗೈ ನೆಲಕ್ಕೆ ಇಟ್ಟರು. ನಾನು ಇನ್ನೊಂದು ಹಾಕಿದೆ.

“ಲೇ, ಬಿಡೇ, ಹಾಳಾಗಿ ಹೋಗ್ತೀವಿ!” ಅಂದ ಗಂಡ. ಆದರೆ ಹತ್ತಿರ ಬರಲಿಲ್ಲ.

“ಇನ್ನೇನು ಹಾಳಾಗೋದು ಉಳಿದಿದೆ, ನಿನ್ನ ತಲೆ!” ಅಂದೆ. ಕೈ ನಿಲ್ಲಲಿಲ್ಲ. ಕೇಂದ್ರದ ಹೆಂಗಸು ಸಾಹೇಬನನ್ನು ಏನೋ ಕೇಳುತ್ತಿದ್ದಳು. ಸಾಹೇಬ ನಗುತ್ತಲೇ ನನ್ನ ಕಡೆ ನಡೆದು ಬರುತ್ತಿದ್ದ, ಹಲ್ಲು ಕಚ್ಚಿಕೊಂಡು ಕೊಳಕು ಬೈಗುಳ ಬೈಯುತ್ತ. ಪಕ್ಕದಲ್ಲಿ ಬಕೆಟ್ ಅಕ್ಕನ ಕೈ ಸೆರಗಿನ ಕೆಳಗೆ ಸುತ್ತಿಗೆಯ ಹಿಡಿಯ ಮೇಲಿತ್ತು. ನನಗೆ ಕಾಣುತ್ತಿತ್ತು. ಕೈ ಬಿಗಿದಿತ್ತು, ಏಳುತ್ತಿರಲಿಲ್ಲ. ಓಣಿಯ ಕೊನೆಯವರೆಗೂ ಎಲ್ಲರೂ ಕೂತೇ ಇದ್ದರು.

ನಾನು ಬಡಿದೆ. ತಗಡಿನ ಅಂಚು ಸೀಳಿತು. ಸೀಳಿದ್ದರ ಮೇಲೇ ಬಡಿದೆ.

ಮಾವ ನೆಲದಿಂದ ಕೈ ಎತ್ತಲಿಲ್ಲ. ಬೆರಳು ಅಗಲಿಸಿ, ಉಸಿರು ಹಿಡಿದು ಕಾದರು. ಆಮೇಲೆ ತಲೆ ಎತ್ತಿ ನನ್ನನ್ನು ನೋಡಿದರು.

“ಒಂದೇ ಬರ್ತಿದೆಯಲ್ಲ ಮಗಳೇ,” ಅಂದರು. “ಹಂಗಾದ್ರೆ ಮಿಕ್ಕವರೆಲ್ಲ ಹೋದ್ರಾ?”